ಶನಿವಾರದ ರೇಸ್ ಕಾರು

ಗಂಗಾಧರನ ಕಾರಿಗೆ ಈಜು ಬರುತ್ತಿತ್ತು, ಓಟ ಬರುತ್ತಿರಲಿಲ್ಲ.

ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಂಥ ಆ ಕೆಂಪು ಸ್ಪೋರ್ಟ್ಸ್ ಕಾರು 2015ರ ಚೆನ್ನೈ ಪ್ರವಾಹದಲ್ಲಿ ಅಡ್ಯಾರಿನ ಬಂಗಲೆಯೊಂದರ ಶೆಡ್ಡಿನಲ್ಲಿ ಮೂರು ದಿನ ತೇಲಿತ್ತು. ನೀರಿಳಿದ ಮೇಲೆ ಅದರ ಯಜಮಾನ ಸೀಟಿನ ಕೆಳಗಿನಿಂದ ಜೀವಂತ ಮೀನೊಂದನ್ನು ಎಳೆದು ತೆಗೆದು, ಈ ದರಿದ್ರವನ್ನು ಯಾರಾದರೂ ಒಯ್ದರೆ ಸಾಕೆಂದು ಕೈಮುಗಿದ. ನಷ್ಟ ಬರೆದುಕೊಳ್ಳಲು ವಿಮಾ ಕಚೇರಿಯಿಂದ ಹೋಗಿದ್ದ ಗುಮಾಸ್ತ ಗಂಗಾಧರ, ದರಿದ್ರ ಅಂದರೆ ಮೀನೋ ಕಾರೋ ಎಂದು ವಿಚಾರಿಸದೆ ಎರಡನ್ನೂ ತಂದುಬಿಟ್ಟ. ಮೀನು ಅಂದೇ ಸಾರಾಯಿತು. ಕಾರು ಮೈಲಾಪೂರಿನ ಹಳೆಯ ಫ್ಲಾಟಿನ ನಾಲ್ಕನೇ ನಂಬರ್ ಪಾರ್ಕಿಂಗಿನಲ್ಲಿ, ನೀಲಿ ಟಾರ್ಪಾಲಿನ ಕೆಳಗೆ ಒಂಬತ್ತು ವರ್ಷ ಮಲಗಿತು.

ಅಷ್ಟು ಕಾಲವೂ ಆ ಜಾಗದ ಮೇಲೆ ಜಯರಾಮರ ಕಣ್ಣಿತ್ತು. ಜಯರಾಮರು ಫ್ಲಾಟಿನ ಅಸೋಸಿಯೇಷನ್ನಿಗೆ ಕಾರ್ಯದರ್ಶಿ, ರಿಟೈರಾದ ರೈಲ್ವೆ ಗಾರ್ಡು. ಹಸಿರು ಬಾವುಟ ಕೈಬಿಟ್ಟ ದುಃಖವನ್ನು ಠರಾವು ಬರೆಯುವುದರಲ್ಲಿ ಮರೆಯುತ್ತಿದ್ದ ತಮಿಳರು. ಅರಸೀಕೆರೆಯಲ್ಲಿ ಹನ್ನೊಂದು ವರ್ಷ ಇದ್ದುದರಿಂದ ಕನ್ನಡ ಬರುತ್ತದೆಂದು ನಂಬಿದ್ದರು. ನಾಲ್ಕನೇ ನಂಬರಿನಲ್ಲಿ ಎಲ್ಲರಿಗೂ ಆಗುವಂಥ ದೊಡ್ಡ ನೀರಿನ ಟ್ಯಾಂಕ್ ಇಡಬೇಕೆಂದು ಅವರು ಇಪ್ಪತ್ತಮೂರು ಠರಾವು ಬರೆದಾಗಿತ್ತು.

ಇಪ್ಪತ್ತನಾಲ್ಕನೆಯದಕ್ಕೆ ಶಾಯಿ ತುಂಬುವ ಹೊತ್ತಿಗೆ ಗಂಗಾಧರನ ಬಾಯಿ ಜಾರಿತು.

ಅವನ ಹೆಂಡತಿ ಪಾವನಾಳ ತಮ್ಮ ರಘು ಹೊಸ ಕಾರು ಕೊಂಡಿದ್ದ. ಲಾರಿಯಾಗಬೇಕೆಂದು ಹುಟ್ಟಿ ಮನಸ್ಸು ಬದಲಾಯಿಸಿದಂತಿದ್ದ ಕಾರು. ಅದರ ಪೂಜೆಗೆ ಫ್ಲಾಟಿನ ಮುಂದೆ ಜಯರಾಮರೂ ಸೇರಿ ಎಲ್ಲರೂ ನಿಂತಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು ಪಚಕ್ಕೆಂದಿತು. ರಘು ಇಳಿದು ಬಂದು, ನಾಲ್ಕು ಜನರಿಗೆ ಕೇಳುವ ಹಾಗೆ ಅಂದ: "ಭಾವ, ನಿಮ್ಮ ಮೀನಿನ ತೊಟ್ಟಿ ಹೇಗಿದೆ?"

ನಾಲ್ಕು ಜನವೂ ನಕ್ಕರು.

"ರೇಸಿಗೆ ತಯಾರಾಗ್ತಿದೆ," ಎಂದ ಗಂಗಾಧರ.

ಆ ಮಾತು ಬಾಯಿಂದ ಹೊರಬೀಳುವ ತನಕ ಅವನಿಗೂ ಆ ವಿಷಯ ಗೊತ್ತಿರಲಿಲ್ಲ.

"ಯಾವ ರೇಸು ಭಾವ?"

"ಶ್ರೀಪೆರಂಬದೂರಿನ ಟ್ರ್ಯಾಕಲ್ಲಿ. ಫೆಬ್ರವರಿ ಎರಡನೇ ಭಾನುವಾರ. ಹಳೇ ಕಾರುಗಳದ್ದು, ಐದು ಸುತ್ತು. ಹೆಸರು ಕೊಟ್ಟಾಗಿದೆ." ಇಷ್ಟೂ ವಿವರ ಅವನಿಗೆ ಸಿಕ್ಕಿದ್ದು ಹಿಂದಿನ ಸಂಜೆ ಬಜ್ಜಿ ಕಟ್ಟಿಕೊಟ್ಟ ಪೇಪರಿನಲ್ಲಿ. ಎಣ್ಣೆ ಇಳಿದು ಬಹುಮಾನದ ಭಾಗ ಕಾಣುತ್ತಿರಲಿಲ್ಲ.

ಗಂಡನ ಸುಳ್ಳು ಮನೆ ಬಿಡುವ ಮೊದಲೇ ಪಾವನಾಳಿಗೆ ಅದರ ಎಂಜಿನ್ ಸದ್ದು ಕೇಳುತ್ತಿತ್ತು. ಅವಳು ಕುಂಕುಮದ ತಟ್ಟೆ ಕೆಳಗಿಟ್ಟಳು. "ಸರಿ. ಐದು ಸುತ್ತೂ ಮುಗಿಸಿ ಬನ್ನಿ. ಇಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಪುದುಪೇಟೆ ಗುಜರಿಯವನು ಬರ್ತಾನೆ. ನಾನೇ ಫೋನ್ ಮಾಡಿರ್ತೀನಿ."

"ಮುಗಿಸಿದ್ದಕ್ಕೆ ಸರ್ಟಿಫಿಕೇಟ್ ಕೊಡ್ತಾರೆ ಕಣೇ, ತಂದು ತೋರಿಸ್ತೀನಿ."

"ನಿಮ್ಮ ಸರ್ಟಿಫಿಕೇಟ್ ನಂಗೆ ಬೇಡ. ನಮ್ಮಕ್ಕನ ಗೃಹಪ್ರವೇಶ ತಪ್ಪಿಸ್ಕೊಳ್ಳೋಕೆ ಮಲೇರಿಯಾ ಸರ್ಟಿಫಿಕೇಟ್ ತಂದೋರು ನೀವು. ರಘು ಅಲ್ಲೇ ನಿಂತು ಕಣ್ಣಾರೆ ನೋಡಿರ್ಬೇಕು. ಅವನು ಹೂಂ ಅಂದ್ರೆ ಕಾರು ಇರತ್ತೆ. ಅವನು ಉಹೂಂ ಅಂದ್ರೆ ಕಾರು ಹೋಗತ್ತೆ."

ಜಯರಾಮರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಫೆಬ್ರವರಿ ದೂರವೇನಿರಲಿಲ್ಲ.

ಗಂಗಾಧರ ಹದಿನೈದು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿದ. ಮನೆಯಲ್ಲೇ ರೇಸ್ ಕಾರು ಮಾಡುವುದು ಹೇಗೆಂದು ಪ್ರಪಂಚದ ಬಿಳಿಯರೆಲ್ಲ ತಮ್ಮ ತಮ್ಮ ಗ್ಯಾರೇಜಿನಿಂದ ಬೋಧಿಸುತ್ತಿದ್ದರು. ಬೋಧನೆಯ ಸಾರ ಒಂದೇ: ತೂಕ ಇಳಿಸು. ಓಡಲು ಬೇಡದ್ದೆಲ್ಲವನ್ನೂ ಕಿತ್ತು ಬಿಸಾಡು. ಗಂಗಾಧರನಿಗೆ ಇದು ಬಹಳ ಹಿಡಿಸಿತು. ಜೋಡಿಸುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ, ಕೀಳುವುದಕ್ಕೆ ಸಿಟ್ಟೊಂದಿದ್ದರೆ ಸಾಕಾಗಿತ್ತು.

ಎಂಜಿನ್ನಿಗೆ ಮತ್ತು ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಪಂಜರಕ್ಕೆ ಸಾಯಿ ಸಿಕ್ಕಿದ. ಮಣಲಿಯ ಎಣ್ಣೆ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಪೈಪು ವೆಲ್ಡ್ ಮಾಡಿ ನಿವೃತ್ತನಾದವನು. ಎಂಜಿನ್ ಅನ್ನುವುದೂ ಕೊನೆಗೊಂದು ಪೈಪೇ ಎಂಬುದು ಅವನ ಸಿದ್ಧಾಂತ. ಆಶ್ಚರ್ಯವೆಂದರೆ ಆ ಸಿದ್ಧಾಂತಕ್ಕೆ ಎಂಜಿನ್ ಒಪ್ಪಿಕೊಂಡು ಮೂರನೇ ವಾರ ಕೆಮ್ಮಿತು, ನಾಲ್ಕನೇ ವಾರ ಗುಡುಗಿತು.

ಕೀಳುವ ಕೆಲಸ ಮಾತ್ರ ಗಂಗಾಧರನದೇ. ಇನ್ನು ಮುಂದೆ ನಡೆದದ್ದಕ್ಕೆಲ್ಲ ಕಾರಣ ಅವನು ಆ ಕೆಲಸ ಮಾಡಿದ ರೀತಿ.

ಆಫೀಸಿಗೆ ಶನಿವಾರ ರಜೆ. ಆದ್ದರಿಂದ ಶನಿವಾರವೇ ಕೀಳುತ್ತಿದ್ದ. ಗ್ರೀಸು ಕಾಣಬಾರದೆಂದು ಪಾವನಾ ಕಪ್ಪು ಬನಿಯನ್ನನ್ನೂ ಕಪ್ಪು ಪಂಚೆಯನ್ನೂ ಕೊಟ್ಟಿದ್ದಳು. ಪ್ರವಾಹದಲ್ಲಿ ತುಕ್ಕು ಹಿಡಿದ ಬೋಲ್ಟುಗಳು ಯಾವ ಸ್ಪ್ಯಾನರಿಗೂ ಜಗ್ಗದಿದ್ದಾಗ ಅಡುಗೆಮನೆಯ ಎಳ್ಳೆಣ್ಣೆ ತಂದು ಸುರಿದ. ಎಣ್ಣೆ ಸೋರಿ ಹೋಗಬಾರದೆಂದು ಹಳೇ ಕೊಡೆಯ ಕಪ್ಪು ಬಟ್ಟೆ ಹರಿದು, ಪುಟ್ಟ ಪುಟ್ಟ ಗಂಟು ಮಾಡಿ, ಎಳ್ಳೆಣ್ಣೆಯಲ್ಲಿ ಅದ್ದಿ, ಬೋಲ್ಟಿಗೊಂದರಂತೆ ಕಟ್ಟಿದ. ಮುಂದೆ ಯಾವುದನ್ನು ಕೀಳಲಿ ಎಂದು ಯೋಚಿಸುತ್ತ ಕಾರಿನ ಸುತ್ತ ಮತ್ತೆ ಮತ್ತೆ ಸುತ್ತು ಬಂದ.

"ಅದೇನ್ಲಾ ಮಗ, ಸೀಸೆಗಟ್ಲೆ ಎಳ್ಳೆಣ್ಣೆ ಸುರೀತಿದ್ದೀಯ?" ಎಂದಳು ಅವನ ತಾಯಿ ಬೋರಮ್ಮ. "ಅದು ನನ್ನ ಮಂಡಿಗೆ ಅಂತ ತಂದಿದ್ದು."

"ನಿನ್ನ ಮಂಡಿ ಥರಾನೇ ಇದೂ ಹಿಡ್ಕೊಂಡದೆ ಕಣವ್ವ."

ಬೋರಮ್ಮ ದಿನಾ ಕಾಗೆಗೆ ಅನ್ನ ಹಾಕುತ್ತಿದ್ದಳು. ಆ ಕಾಗೆ ಅನ್ನ ಮುಗಿಸಿ ಕಾರಿನ ತಲೆಯ ಮೇಲೆ ಕೂತು ಕೊಕ್ಕು ಒರೆಸಿಕೊಳ್ಳುತ್ತಿತ್ತು.

ಶನಿವಾರ, ಕಪ್ಪು ಬಟ್ಟೆ, ಎಳ್ಳೆಣ್ಣೆ, ಕಪ್ಪು ಗಂಟು, ಪ್ರದಕ್ಷಿಣೆ, ಕಾಗೆ. ಇಷ್ಟನ್ನೂ ಮೊದಲ ಮಹಡಿಯ ಬಾಲ್ಕನಿಯಿಂದ ಶಾರದಮ್ಮ ನೋಡುತ್ತಿದ್ದರು.

ಶಾರದಮ್ಮನವರ ಅಜ್ಜ ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು. ಮೂರು ತಲೆಮಾರು ಕಳೆದು ಮನೆಯ ಕನ್ನಡ ಅರ್ಧ ತಮಿಳಾಗಿತ್ತು, ಜ್ಯೋತಿಷ್ಯ ಮಾತ್ರ ಪೂರ್ತಿ ಉಳಿದಿತ್ತು. ನವಗ್ರಹಗಳು ಅವರಿಗೆ ಒಂಬತ್ತು ಜನ ಬಾಡಿಗೆದಾರರಿದ್ದ ಹಾಗೆ. ಯಾರು ಯಾವ ಮನೆ ಖಾಲಿ ಮಾಡಿದರು, ಯಾರು ಯಾರ ಮನೆಗೆ ನುಗ್ಗಿ ಕೂತರು, ಎಲ್ಲ ಗೊತ್ತು. ಆದರೂ ಅವರು ಆಗ ಬಾಯಿ ಬಿಡಲಿಲ್ಲ. ಯಾಕೆಂದರೆ ಎರಡನೇ ಶನಿವಾರ ಕಾರಿನ ಡಿಕ್ಕಿಯ ಬಾಗಿಲು ಅವರ ಪಾಲಿಗೆ ಬಂದಿತ್ತು.

"ಏನ್ ಪಾ ಗಂಗಾಧರ, ಇಷ್ಟು ಚೆನ್ನಾಗಿರೋ ತಗಡು ಸುಮ್ಮೆ ಕೊಡ್ತೀಯಾ?"

"ತಗೊಂಡು ಹೋಗಿ ಶಾರದಮ್ಮ. ನಂಗೆ ಭಾರ ಇಳಿದ್ರೆ ಸಾಕು. ಆದ್ರೆ ವಾಪಸ್ ಮಾತ್ರ ತರಬೇಡಿ."

ತಾರಸಿಯ ಬಿಸಿಲಿಗೆ ಆ ಬಾಗಿಲು ದೋಸೆಕಲ್ಲಿನಂತೆ ಕಾದು ಅವರ ಸಂಡಿಗೆಯನ್ನು ಒಂದೇ ಹೊತ್ತಿನಲ್ಲಿ ಒಣಗಿಸಿಕೊಟ್ಟಿತು. ಬಿಟ್ಟಿ ಬಂದ ಕಬ್ಬಿಣಕ್ಕೆ ಯಾವ ಗ್ರಹವೂ ಇರುವುದಿಲ್ಲ.

ಸುದ್ದಿ ಹಬ್ಬಿತು. ಹಿಂದಿನ ಸೀಟು ಮತ್ತು ಪಕ್ಕದ ಸೀಟನ್ನು ಮೂಲೆಯ ಮೆಸ್ಸಿನ ಐತಪ್ಪ ಒಯ್ದು, ಊಟಕ್ಕೆ ಕಾಯುವವರಿಗೊಂದು, ತನಗೊಂದು ಹಾಕಿಕೊಂಡ. ಪುತ್ತೂರಿನ ಕಡೆಯವನು. "ಎಂತ ಸೀಟು ಮಾರಾಯ್ರೆ! ಕೂತರೆ ಸಾರಿಗೆ ಉಪ್ಪು ಹಾಕ್ಲಿಕ್ಕೂ ಏಳ್ಲಿಕ್ಕೆ ಮನಸ್ಸು ಬರೂದಿಲ್ಲ." ಎರಡು ಬಂಪರು ಇಸ್ತ್ರಿ ಗಾಡಿಯ ಏಳುಮಲೈಗೆ ಹೋದವು. ಅವುಗಳ ಮೇಲೆ ಬೀದಿಯ ಪಂಚೆಗಳೆಲ್ಲ ತೂಗಾಡಿದವು. ರಘು ಕೂಡ ಒಂದು ದಿನ ಬಂದು ನಕ್ಕು, ಹೋಗುವಾಗ ಸ್ಟೆಪ್ನಿಯನ್ನೂ ಜಾಕಿಯನ್ನೂ ಎತ್ತಿಕೊಂಡು ಹೋದ. ಒಳಗಿನ ಕನ್ನಡಿಯನ್ನು ಪಾವನಾ ಅಡುಗೆಮನೆಯ ಕಿಟಕಿಗೆ ಸಿಕ್ಕಿಸಿ, ಒಲೆಯ ಮುಂದೆ ನಿಂತೇ ಹಿಂದಿನ ಗೇಟಿಗೆ ಯಾರು ಬಂದರೆಂದು ನೋಡತೊಡಗಿದಳು.

ಜಯರಾಮರು ಬಂದದ್ದು ಜಗಳಕ್ಕೆ. "ಏನ್ ಸಾರ್ ಇದು? ಪಾರ್ಕಿಂಗಾ, ವರ್ಕ್‌ಶಾಪಾ? ಇದು ಫ್ಯಾಮಿಲಿ ಇರೋ ಇಡಂ, ಜಾಗ ಸಾರ್! ನಾನು ಠರಾವು ಹಾಕ್ತೀನಿ!"

ಗಂಗಾಧರ ಕೈಯಲ್ಲಿದ್ದ ಹಾರ್ನನ್ನು ಬ್ಯಾಟರಿಗೆ ಮುಟ್ಟಿಸಿ ತೋರಿಸಿದ. ಅದು ಜೋಡಿ ತುತ್ತೂರಿಯ ಹಳೇ ಹಾರ್ನು. ಅದರ ಕೂಗಿಗೆ ಎದುರು ಮನೆಯ ನಾಯಿ ಎದ್ದು ನಿಂತು ತಪ್ಪೊಪ್ಪಿಕೊಂಡಿತು. ಜಯರಾಮರ ಕಣ್ಣಲ್ಲಿ ಅರಸೀಕೆರೆಯ ಪ್ಲಾಟ್‌ಫಾರ್ಮು ಮಿಂಚಿ ಹೋಯಿತು. ಸಂಜೆಯೊಳಗೆ ಹಾರ್ನು ನೀರಿನ ಮೋಟರಿಗೆ ಜೋಡಣೆಯಾಗಿ, ಮೇಲಿನ ತೊಟ್ಟಿ ತುಂಬಿದೊಡನೆ ಇಡೀ ಬೀದಿಗೆ ರೈಲು ಬಂದ ಸುದ್ದಿ ಕೊಡತೊಡಗಿತು.

ಜನವರಿ ಕಳೆಯುವ ಹೊತ್ತಿಗೆ ಬೀದಿಯಲ್ಲಿ ಅನಾಹುತಗಳು ಶುರುವಾದವು. ಐತಪ್ಪನ ಮೆಸ್ಸಿಗೆ ಕಾರ್ಪೊರೇಷನ್ನಿನವರು ಬಂದು ಅಡುಗೆಮನೆ ನೋಡಬೇಕೆಂದರು. ಇಪ್ಪತ್ತು ವರ್ಷದಲ್ಲಿ ಯಾರೂ ಹಾಗೆ ಅವಮಾನ ಮಾಡಿರಲಿಲ್ಲ. ಏಳುಮಲೈ ಒಬ್ಬ ವಕೀಲರ ರೇಷ್ಮೆ ಅಂಚಿನ ಪಂಚೆ ಸುಟ್ಟ. ಜಯರಾಮರ ಮೋಟರು ಸುಟ್ಟುಹೋಯಿತು. ರಘುವಿನ ಹೊಸ ಕಾರಿಗೆ ನೀರಿನ ಲಾರಿ ಉಜ್ಜಿತು. ಕೊನೆಗೆ ಶಾರದಮ್ಮನವರು ಸಂಡಿಗೆ ತಿನ್ನುತ್ತಿದ್ದ ಕಾಗೆಯನ್ನು ಅಟ್ಟಲು ಹೋಗಿ ತಾರಸಿ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು.

ಮಲಗಿದವರಿಗೆ ಯೋಚಿಸಲು ಬೇರೇನಿರುತ್ತದೆ? ರೇಸಿನ ಹಿಂದಿನ ಸಂಜೆ ಅವರು ಐತಪ್ಪನ ಮೆಸ್ಸಿಗೆ ಕುಂಟುತ್ತ ಬಂದು ಎಲ್ಲರನ್ನೂ ಕರೆಸಿದರು.

"ಯೋಚ್ನೆ ಮಾಡಿ ಪಾ. ಅವನು ನಿಮಗೆ ಕೊಟ್ಟ ವಾರ ಯಾವ್ದು?"

"ಶನಿವಾರ," ಎಂದರು ಜಯರಾಮರು.

"ಉಟ್ಟಿದ್ದು?"

"ಕರುಪ್ಪು," ಎಂದ ಏಳುಮಲೈ. ಕಪ್ಪಿಗೆ ಅವನ ಭಾಷೆಯಲ್ಲಿ ಅದೇ ಹೆಸರು.

"ಹಚ್ಚಿದ ಎಣ್ಣೆ? ಎಳ್ಳೆಣ್ಣೆ! ಕಟ್ಟಿದ್ದು? ಕಪ್ಪು ಗಂಟು! ಒಂಬತ್ತು ಒಂಬತ್ತು ಸುತ್ತು ಬೇರೆ ಬಂದ. ನಾನು ಎಣಿಸಿದೀನಿ. ಕೊಟ್ಟಿದ್ದೇನು? ಕಬ್ಬಿಣ! ಅಯ್ಯೋ ಕಡವುಳೇ, ಅವನಿಗೆ ಏಳರಾಟ ಶನಿ ಪಾ! ಆ ಶನೀನ ಬಿಡಿಬಿಡಿಯಾಗಿ ಕಿತ್ತು ನಮ್ಮ ನಮ್ಮ ಮನೆಗೆ ದಾನ ಮಾಡ್ಬಿಟ್ಟ!"

ಶನಿದಾನ ಹಿಡಿದವನ ಹೆಗಲಿಗೆ ಶನಿಯೂ ಹತ್ತಿ ಕೂರುತ್ತಾನೆಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ಸೀಟು ಕಬ್ಬಿಣ ಅಲ್ವಲ್ಲ ಅಮ್ಮ? ರೆಕ್ಸಿನ್ನು ಅದು," ಎಂದ ಐತಪ್ಪ, ಕಡೆಯ ಆಸೆಯಿಂದ.

"ಒಳಗಿನ ಸ್ಪ್ರಿಂಗು?"

ಐತಪ್ಪ ಕೂತಿದ್ದ ಸೀಟಿನಿಂದ ಮೆಲ್ಲಗೆ ಎದ್ದ.

"ಪರಿಹಾರ?" ಎಂದರು ಜಯರಾಮರು ಬೆವರು ಒರೆಸಿಕೊಳ್ಳುತ್ತ.

"ಎಲ್ಲಿಂದ ಬಂತೋ ಅಲ್ಲಿಗೇ, ಆ ಕಾರಿಗೇ ಸೇರಿಸ್ಬೇಕು. ಸೇರಿಸಿ ಬೆನ್ನು ತಿರುಗಿಸ್ಬೇಕು. ತಿರುಗಿ ನೋಡಿದ್ರೋ, ಹಿಂದೇನೇ ಬಂದ್ಬಿಡ್ತಾನೆ."

"ಎಷ್ಟು ನಿಮಿಷ ನೋಡ್ಬಾರ್ದು?" ರೈಲ್ವೆಯವರಿಗೆ ಟೈಮಿಂಗ್ ಮುಖ್ಯ.

"ಒಂದು ಮುಹೂರ್ತ. ನಲವತ್ತೆಂಟು ನಿಮಿಷ."

ಭಾನುವಾರ ಬೆಳಕು ಹರಿಯುವ ಮೊದಲೇ ಗಂಗಾಧರ, ಬೋರಮ್ಮ ಮತ್ತು ಸಾಯಿ ಕಾರನ್ನು ಲಾರಿಗೆ ಹೇರಿಕೊಂಡು ಹೊರಟುಬಿಟ್ಟಿದ್ದರು. ಪಾವನಾಳನ್ನು ಕರೆದೊಯ್ಯಲು ಬಂದ ರಘು ಗೇಟಿನಲ್ಲೇ ಶಾರದಮ್ಮನವರ ಕೈಗೆ ಸಿಕ್ಕ.

"ಸ್ಟೆಪ್ನಿ ತಗೊಂಡ ಮೇಲೇನಾ ಪಾ ನಿನ್ನ ಗಾಡಿಗೆ ಲಾರಿ ಉಜ್ಜಿದ್ದು, ಮೊದಲಾ?"

ರಘು ಕಂಪ್ಯೂಟರ್ ಓದಿದವನು. ಲೆಕ್ಕ ಹಾಕಿದ. ಮುಖ ಬಿಳಿಚಿತು.

ಅತ್ತ ಟ್ರ್ಯಾಕಿನಲ್ಲಿ ಗಂಗಾಧರನ ಕಾರು ತೂಕದ ಯಂತ್ರದ ಮೇಲೆ ನಿಂತಿತ್ತು. ಬಾಗಿಲಿನಲ್ಲಿ ಹದಿನೇಳು ಎಂದು ಬಿಳೀ ಅಂಕಿ. ಮುಂದೆ ಬಂಪರಿಲ್ಲ, ಹಿಂದೆ ಡಿಕ್ಕಿಯಿಲ್ಲ, ಒಳಗೆ ಪಂಜರ ಮತ್ತು ಒಂದೇ ಸೀಟು. ಹಲ್ಲು ಕಿತ್ತಿಸಿಕೊಂಡ ಮುದುಕ ಕುಸ್ತಿಗೆ ಬಂದ ಹಾಗಿತ್ತು. ತಪಾಸಣೆಯ ಅಧಿಕಾರಿ ಬೆಂಗಳೂರಿನ ಹುಡುಗಿ. ಹೆಸರು ಮೌನ, ಮಾತು ಮಾತ್ರ ಪಟಾಕಿ ಸರ.

"ಸಾರ್, ನಿಮ್ಮ ಗಾಡಿ ಪಾಸಾಗಲ್ಲ."

"ಯಾಕಮ್ಮಾ? ಎಲ್ಲಾ ತೆಗ್ದಿದೀನಲ್ಲ!"

"ಅದೇ ಪ್ರಾಬ್ಲಮ್ಮು. ಈ ಕ್ಲಾಸಿಗೆ ಇಷ್ಟು ತೂಕ ಇರ್ಲೇಬೇಕು ಅಂತ ರೂಲ್ ಇದೆ. ನೀವು ಎಂಬತ್ತೊಂದು ಕಿಲೋ ಕಮ್ಮಿ ಇದೀರ. ಫಾರಮ್ಮಿನ ಹಿಂದೆ ಪ್ರಿಂಟಾಗಿದೆ, ಓದಿಲ್ವಾ?"

ಹದಿನೆಂಟು ವರ್ಷ ಕೌಂಟರಿನ ಈಚೆ ಕೂತು, ಸತ್ತವರ ಮನೆಯವರಿಗೆಲ್ಲ "ಫಾರಮ್ಮಿನ ಹಿಂದೆ ಪ್ರಿಂಟಾಗಿದೆ, ಓದಿಲ್ವಾ?" ಎಂದವನು ಗಂಗಾಧರ. ಅವನು ಫಾರಮ್ಮನ್ನು ಲಾಡ್ಜಿನ ಹಾಸಿಗೆಯಲ್ಲಿ ಸಿಕ್ಕ ತಿಗಣೆಯನ್ನು ನೋಡುವಂತೆ ನೋಡಿ, ತಿರುಗಿಸಿದ. ಪ್ರಿಂಟಾಗಿತ್ತು.

"ಭಾರ ಹಾಕ್ಕೊಂಡು ಬನ್ನಿ. ಒಂದು ಗಂಟೆ ಟೈಮಿದೆ."

ಗಂಗಾಧರ ಎರಡು ಬಾಟಲಿ ನೀರು ಕುಡಿದ. ಎರಡು ಕಿಲೋ ಏರಿತು, ನಿಲ್ಲಲು ಕಷ್ಟವಾಯಿತು.

ಬೋರಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ನಾನು ಕೂತ್ಕತೀನಿ ಕಣವ್ವ. ಎಂಬತ್ತರ ಮ್ಯಾಲೇ ಇವ್ನಿ."

"ಅಜ್ಜಿ, ಭಾರ ಅಲ್ಲಾಡ್ಬಾರ್ದು. ಬೋಲ್ಟ್ ಹಾಕಿ ಬಿಗಿದಿರ್ಬೇಕು."

"ಬಿಗಿ ಮತ್ತೆ. ನಾನೇನು ಅಲ್ಲಾಡಕಿಲ್ಲ."

ಮೌನ ಮೊದಲ ಸಲ ಹೆಸರಿಗೆ ತಕ್ಕಂತೆ ನಿಂತಳು.

ಗಂಗಾಧರ ಕಾರಿಗೊರಗಿ ಕೂತ. ನಾಳೆ ಬೆಳಿಗ್ಗೆ ಗುಜರಿಯವನು ಹಗ್ಗ ಕಟ್ಟುತ್ತಾನೆ. ಜಯರಾಮರು ಟ್ಯಾಂಕಿಗೆ ಹೂವು ಹಾಕುತ್ತಾರೆ. ರಘು ಇನ್ನು ಅವನ ಹೆಸರೆತ್ತುವುದೇ ಇಲ್ಲ, ಮೀನು ಅಂತಲೇ ಕರೆಯುತ್ತಾನೆ.

ಆಗ ಗೇಟಿನಲ್ಲಿ ಧೂಳೆದ್ದಿತು. ಮುಂದೆ ಐತಪ್ಪನ ತರಕಾರಿ ವ್ಯಾನು, ಹಿಂದೆ ರಘುವಿನ ಲಾರಿಯಂಥ ಕಾರು. ವ್ಯಾನಿನಿಂದ ಬೀದಿಗೆ ಬೀದಿಯೇ ಇಳಿಯಿತು. ನನ್ನ ರೇಸು ನೋಡಲು ಬಂದರಲ್ಲ ಎಂದು ಗಂಗಾಧರ ಎದ್ದು ನಿಂತ. ಅವನು ಕೈಮುಗಿದು ಎದುರು ಹೋದ.

ಯಾರೂ ಅವನ ಮುಖ ನೋಡಲಿಲ್ಲ. ಐತಪ್ಪ ಎರಡು ಸೀಟು ತಂದು ಕಾರಿನೊಳಗೆ ತುರುಕಿ, "ನಿಮ್ಮದು ನಿಮಗೇ ಇರ್ಲಿ ಮಾರಾಯ್ರೆ, ನಮಗೆ ಮಕ್ಕಳುಂಟು," ಎಂದು ಗಿರಕ್ಕನೆ ಬೆನ್ನು ತಿರುಗಿಸಿದ. ಏಳುಮಲೈ ಬಂಪರುಗಳನ್ನು ಇಕ್ಕಳದಲ್ಲಿ ಹಿಡಿದು ತಂದು ಇಳಿಸಿದ. ಜಯರಾಮರು ಹಾರ್ನು ಇಟ್ಟು, ಗಡಿಯಾರ ನೋಡಿ, "ಹತ್ತು ಗಂಟೆ ನಾಲ್ಕು ನಿಮಿಷ. ಸ್ಟಾರ್ಟ್!" ಎಂದು ತಿರುಗಿದರು. ಶಾರದಮ್ಮ ಡಿಕ್ಕಿಯ ಬಾಗಿಲಿನೊಂದಿಗೆ ಎರಡು ಹಿಡಿ ಸಂಡಿಗೆಯನ್ನೂ ಬಿಟ್ಟರು. ರಘು ಸ್ಟೆಪ್ನಿಯನ್ನು ಉರುಳಿಸಿ, ಜಾಕಿ ಎಸೆದು, "ಸಾರಿ ಭಾವ," ಎಂದು ತಿರುಗಿಯೇ ಬಿಟ್ಟ.

"ಏನ್ರೋ ಇದು?" ಎಂದ ಗಂಗಾಧರ, ಸಾಲಾಗಿ ನಿಂತ ಬೆನ್ನುಗಳಿಗೆ.

ಉತ್ತರ ಬಂದದ್ದು ಸಾಯಿಯಿಂದ. "ಸಾರ್, ಬೋಲ್ಟ್!"

ಕಿತ್ತ ಬೋಲ್ಟುಗಳೆಲ್ಲ ಬೋರಮ್ಮನ ಅಡಿಕೆ ಚೀಲದಲ್ಲಿ ಭದ್ರವಾಗಿದ್ದವು. ತೂತುಗಳು ಕಾರಿನಲ್ಲಿ ಹಾಗೇ ಕಾಯುತ್ತಿದ್ದವು. ಕೀಳಲು ಎರಡು ತಿಂಗಳು ಹಿಡಿದದ್ದನ್ನು ಇಬ್ಬರೂ ಸೇರಿ ಅರ್ಧ ಗಂಟೆಯಲ್ಲಿ ಬಿಗಿದರು. ಎಳ್ಳೆಣ್ಣೆ ಕುಡಿದ ಬೋಲ್ಟುಗಳು ಬೆಣ್ಣೆಯಂತೆ ಇಳಿದವು. ಸಾಯಿ ಅಭ್ಯಾಸ ಬಲದಿಂದ ಹಾರ್ನಿನ ವೈರನ್ನೂ ಜೋಡಿಸಿಬಿಟ್ಟ. ಕಾರು ಮತ್ತೆ ಯಂತ್ರ ಹತ್ತಿತು.

"ಏಳು ಕಿಲೋ ಜಾಸ್ತೀನೇ ಇದೆ," ಎಂದಳು ಮೌನ. "ಓಡಿ ಸಾರ್, ಲೈನಿಗೆ!"

ಬೀದಿಯವರಿಗೆ ಆ ಕ್ಷಣವೇ ಊರಿಗೆ ಓಡಬೇಕಿತ್ತು. ಆದರೆ ರೇಸು ಮುಗಿಯುವ ತನಕ ಗೇಟು ತೆಗೆಯುವುದಿಲ್ಲ ಎಂದ ಕಾವಲಿನವನು. ಹಾಗಾಗಿ ಬೇಲಿಯ ಪಕ್ಕ ಒಂದು ಅಪೂರ್ವ ದೃಶ್ಯ ಏರ್ಪಟ್ಟಿತು. ಬೇರೆ ಪ್ರೇಕ್ಷಕರೆಲ್ಲ ಟ್ರ್ಯಾಕಿನ ಕಡೆ ಮುಖ ಮಾಡಿ ಕೂಗುತ್ತಿದ್ದರೆ, ಮೈಲಾಪೂರಿನ ಆರು ಜನ ಟ್ರ್ಯಾಕಿಗೆ ಬೆನ್ನು ಹಾಕಿ, ಎದುರಿನ ಶೌಚಾಲಯದ ಗೋಡೆಯನ್ನು ಭಕ್ತಿಯಿಂದ ನೋಡುತ್ತ ನಿಂತಿದ್ದರು. ಆರನೆಯವಳು ಪಾವನಾ. ಮರಳಿಸಲೆಂದು ತಂದಿದ್ದ ಅಡುಗೆಮನೆಯ ಕನ್ನಡಿಯನ್ನು ಅವಳ ಕೈಗೇ ತುರುಕಿ, ಇನ್ನು ಕಾರಿಗೆ ಸೇರಿಸಲು ಹೊತ್ತು ಮೀರಿತೆಂದು, ಶಾರದಮ್ಮ ಅವಳನ್ನೂ ಭುಜ ಹಿಡಿದು ತಿರುಗಿಸಿದ್ದರು. "ನೋಡ್ಬೇಡ ಮ್ಮಾ, ನೀನು ಅವನ ಅರ್ಧ ಶರೀರ, ನಿನಗೆ ಡಬಲ್!"

ಒಂಬತ್ತು ಕಾರು ಹೊರಟವು. ಗಂಗಾಧರ ಒಂಬತ್ತನೆಯವನು. ಮೊದಲ ಸುತ್ತಿನಲ್ಲಿ ಅವನಿಗೆ ಬೇರೆ ಯಾವ ಕಾರೂ ಕಾಣಲಿಲ್ಲ, ತಾನೊಬ್ಬನೇ ಇದ್ದೇನೆಂದು ಧೈರ್ಯ ಬಂತು. ಎರಡನೇ ಸುತ್ತಿನಲ್ಲಿ ಒಂದು ಕಾರು ಹೊಗೆಯಾಡಿ ಹುಲ್ಲಿಗಿಳಿಯಿತು. ಮೂರರಲ್ಲಿ ಇನ್ನೊಂದರ ಚಕ್ರ ಅದಕ್ಕಿಂತ ಮುಂದೆ ಹೋಯಿತು. ನಾಲ್ಕು ಮುಗಿಯುವಾಗ ಮುಂದೊಂದು ಹಳದಿ ಕಾರು ಸಿಕ್ಕಿತು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ಬಂತು. ಹನ್ನೆರಡು ವರ್ಷ ಚೆನ್ನೈಯಲ್ಲಿ ಸ್ಕೂಟರ್ ಓಡಿಸಿದ ಕೈ, ಯೋಚಿಸದೆ, ಹಾರ್ನಿನ ಮೇಲೆ ಬಿತ್ತು.

ರೇಸಿನಲ್ಲಿ ಯಾರೂ ಹಾರ್ನು ಹೊಡೆಯುವುದಿಲ್ಲ. ಯಾಕೆಂದರೆ ಯಾರ ಬಳಿಯೂ ಹಾರ್ನು ಇರುವುದಿಲ್ಲ. ಹಳದಿ ಕಾರಿನವನೂ ಚೆನ್ನೈಯವನೇ. ಬೆನ್ನ ಹಿಂದೆ ಜೋಡಿ ತುತ್ತೂರಿ ಕೂಗಿದೊಡನೆ ಅವನ ಮೆದುಳು ರೇಸು ಮರೆತು ಮೌಂಟ್ ರೋಡನ್ನು ನೆನೆಯಿತು. ಬಸ್ಸು ಬಂತೆಂದು ಸರಕ್ಕನೆ ಪಕ್ಕಕ್ಕೆ ಸರಿದ. ಗಂಗಾಧರ ನುಗ್ಗಿದ. ಐದನೇ ಸುತ್ತೂ ಮುಗಿದು ಬಾವುಟ ಬಿತ್ತು. ಆರನೇ ಸ್ಥಾನ!

ಅವನು ಬೇಲಿಯ ಕಡೆ ಕೈ ಬೀಸಿದ. ಆರು ಬೆನ್ನು ಕಂಡವು.

"ಹತ್ತು ಐವತ್ತೆರಡು! ಟೈಮ್ ಆಚ್ಚು!" ಎಂದು ಜಯರಾಮರು ಕೂಗಿದಾಗ ಎಲ್ಲರೂ ತಿರುಗಿದರು. ಟ್ರ್ಯಾಕು ಖಾಲಿಯಿತ್ತು. ಗಂಗಾಧರನ ಕಾರು ನಿಂತು ಹಬೆ ಬಿಡುತ್ತಿತ್ತು.

"ಅವ್ವಾ, ನೀನಾದ್ರೂ ನೋಡಿದ್ಯೇನವ್ವ?"

"ಎಲ್ಲಿ ಮಗ? ನೀನು ಹೊಂಟಿದ್ದೇ ಭಯಾಯ್ತು, ಕಣ್ಣು ಮುಚ್ಕಂಡೆ. ಈಗ ಬುಟ್ಟೆ."

ಸಂಜೆ ಮನೆಯಲ್ಲಿ ಪಂಚಾಯಿತಿ ನಡೆಯಿತು. ರಘು ಸತ್ಯವಂತ. "ನಾನು ನೋಡ್ಲಿಲ್ಲ ಅಕ್ಕ," ಎಂದ. ಸಾಯಿಯ ಸಾಕ್ಷಿ ನಡೆಯಲಿಲ್ಲ, ಅವನು ಕೆಲಸಕ್ಕೆ ಬಂದವನು. ಸರ್ಟಿಫಿಕೇಟನ್ನು ಯಾರೂ ಮುಟ್ಟಲೂ ಇಲ್ಲ. ಪಾವನಾ ಎಲ್ಲರಿಗೂ ಅನ್ನ ಬಡಿಸಿದಳು.

ಸೋಮವಾರ ಒಂಬತ್ತಕ್ಕೆ ಪುದುಪೇಟೆಯಿಂದ ಗುಜರಿಯವನು ಬಂದ. ಜಯರಾಮರು ಟೇಪು ಹಿಡಿದು ನಾಲ್ಕನೇ ನಂಬರಿನ ಉದ್ದ ಅಗಲ ಅಳೆಯತೊಡಗಿದರು. ಗುಜರಿಯವನು ಕಾರಿಗೆ ಹಗ್ಗ ಕಟ್ಟಲು ಬಗ್ಗಿದ. ಗಂಗಾಧರ ಮೆಟ್ಟಿಲ ಮೇಲೆ ಕೂತು, ಆಫೀಸಿಗೆ ಹೋಗುವುದನ್ನೂ ಮರೆತು, ಹಗ್ಗವನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಬೀದಿಯಿಂದ ಏಳುಮಲೈ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ಕೂಗಿದ: "ಅಣ್ಣೇ! ತೊಡಾದೇ! ಮುಟ್ಟಬೇಡ! ಅದು ಶನಿ ವಂಡಿ!" ಆಮೇಲೆ ಕಾರ್ಪೊರೇಷನ್ನು, ಪಂಚೆ, ಮೋಟರು, ಲಾರಿ, ಕಾಲು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಪುದುಪೇಟೆಯವನು ಊರ ಕಾರುಗಳನ್ನೆಲ್ಲ ಕೊಯ್ದು ಹಾಕಿದ ಗಂಡೆದೆಯವನು. ಹಗ್ಗ ಬಿಟ್ಟ. ಆ ಹಗ್ಗವನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. ನಲ್ಲಿಯಲ್ಲಿ ಕಾಲು ತೊಳೆದು, ತಿರುಗಿ ನೋಡದೆ ಹೋದ.

ಜಯರಾಮರು ನಿಧಾನವಾಗಿ ಟೇಪು ಸುತ್ತಿದರು. "ಸಾರ್, ಈ ಇಡತ್ತಲ್ಲಿ ಟ್ಯಾಂಕ್ ಇಟ್ರೆ ಆ ನೀರು ಯಾರು ಸಾರ್ ಕುಡೀತಾರೆ? ಬೇಡ. ಕಾರು ಇಲ್ಲೇ ಇರ್ಲಿ. ಅಲ್ಲಾಡಿಸ್ಬೇಡಿ ಸಾರ್, ದಯವಿಟ್ಟು. ನಾನು ಠರಾವು ಹಾಕ್ತೀನಿ."

ಗಂಗಾಧರ ತಿರುಗಿದಾಗ ಮೆಟ್ಟಿಲ ಮೇಲೆ ಪಾವನಾ ನಿಂತಿದ್ದಳು. ಓಡಿ ಬಂದವಳಂತೆ ಏದುಸಿರು.

"ಎಷ್ಟನೆಯವರಾಗಿ ಬಂದ್ರಿ ನಿನ್ನೆ?"

ಮೊದಲನೆಯವನು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ಎಂಜಿನ್ ಸ್ಟಾರ್ಟ್ ಮಾಡಿತು. ಯಾಕೋ ಗೇರು ಬೀಳಲಿಲ್ಲ.

"ಆರನೆಯವನು."

"ಗೊತ್ತು." ಅವಳು ಸೆರಗಿನಡಿಯಿಂದ ಕಾರಿನ ಕನ್ನಡಿ ತೆಗೆದಳು. "ಹಳದಿ ಕಾರಿನವನು ಪಾಪ ಎಷ್ಟು ಹೆದರ್ಕೊಂಡ!"

"ನೀನು ನೋಡಿದ್ಯಾ?"

"ತಿರುಗಬೇಡ ಅಂದ್ರು. ತಿರುಗಲಿಲ್ಲ."

"ಮತ್ತೆ ಆ ಗುಜರಿಯವನನ್ನ ಯಾಕೆ ಬರೋಕೆ ಬಿಟ್ಟೆ ಮಾರಾಯ್ತಿ?"

"ನೀವು ಎಷ್ಟನೆಯವನು ಅಂತೀರೋ ನೋಡೋಣ ಅಂತ. ಮೊದಲನೇದು ಅಂದಿದ್ರೆ ಹಗ್ಗ ನಾನೇ ಕಟ್ತಿದ್ದೆ."

ಆ ವಾರ ಐತಪ್ಪನ ಅಡುಗೆಮನೆ ಪಾಸಾಯಿತು. ವಕೀಲರು ಪಂಚೆಯ ವಿಷಯ ಮರೆತರು. ಶಾರದಮ್ಮನವರ ಕಾಲಿನ ಊತ ಇಳಿಯಿತು. ಉಳುಕು ಹದಿನೈದು ದಿನಕ್ಕೆ ತಾನೇ ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು, ಆದರೆ ಡಾಕ್ಟರ ಮಾತನ್ನು ಯಾರು ನಂಬುತ್ತಾರೆ?

ಶನಿವಾರ ಬೆಳಿಗ್ಗೆ ಗಂಗಾಧರ ಕಪ್ಪು ಬನಿಯನ್ ತೊಟ್ಟು, ಎಳ್ಳೆಣ್ಣೆಯ ಸೀಸೆ ಹಿಡಿದು ಕೆಳಗಿಳಿದ. ಕಾರಿನ ನಾಲ್ಕು ಚಕ್ರಗಳ ಮುಂದೆ ನಾಲ್ಕು ದೀಪ ಉರಿಯುತ್ತಿದ್ದವು. ಹದಿನೇಳನೇ ನಂಬರಿಗೆ ಯಾರೋ ಅರಿಶಿನ ಬಳಿದಿದ್ದರು. ಕಾಗೆ ತನ್ನ ಜಾಗದಲ್ಲಿ ಕೂತು ಎಳ್ಳನ್ನ ತಿನ್ನುತ್ತಿತ್ತು. ಅವನ ಐದು ಸುತ್ತನ್ನು ನೋಡದ ಬೀದಿ, ಕೈಮುಗಿದುಕೊಂಡು ಅವನ ಕಾರಿಗೆ ಒಂಬತ್ತು ಸುತ್ತು ಹಾಕುತ್ತಿತ್ತು. ಏಳುಮಲೈ ಮುಂದಿದ್ದ, ಐತಪ್ಪ ಅವನ ಬೆನ್ನಿಗೇ ಇದ್ದ. ಮೂಲೆಯಲ್ಲಿ ಜಯರಾಮರು ಶಾರದಮ್ಮನವರನ್ನು ಒಳಗಡೆಯಿಂದ ಹಿಂದೆ ಹಾಕಲು ನೋಡುತ್ತಿದ್ದರು, ಶಾರದಮ್ಮ ಜಾಗ ಬಿಡುತ್ತಿರಲಿಲ್ಲ.

ಗಂಗಾಧರ ಯಾರಿಗೂ ತೊಂದರೆಯಾಗದಂತೆ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತ. ಮೇಲೆ ಅಡುಗೆಮನೆಯ ಕಿಟಕಿಯಲ್ಲಿ ಕನ್ನಡಿ ಮಿಂಚಿತು.

"ಯಾರು ಮುಂದಿದಾರೆ ರೀ?" ಎಂದು ಪಾವನಾ ಕೂಗಿ ಕೇಳಿದಳು.

ಗಂಗಾಧರ ಜಯರಾಮರಿಗೆ ದಾರಿಯಾಗಲೆಂದು ಹಾರ್ನು ಒತ್ತಿದ.